ಅಮ್ಮ ಸೋತ ಐದನೇ ಭಾಗ

"ಗದ್ದ ಇಲ್ಲಿಡಿ. ಅಲುಗಾಡಬೇಡಿ."

ಅವಳ ದನಿ ಎಷ್ಟು ಒರಟಾಗಿತ್ತೆಂದರೆ, ಕುರ್ಚಿಯಲ್ಲಿದ್ದ ಯುವಕ ಬೆಚ್ಚಿಬಿದ್ದು ಗದ್ದವನ್ನು ಯಂತ್ರದ ಮೇಲಿಟ್ಟ. ಕನ್ನಡಕದಂಗಡಿಯ ಹಿಂದಿನ ಆ ಕತ್ತಲೆ ಕೋಣೆಯಲ್ಲಿ ದಿನವಿಡೀ ಜನರ ಕಣ್ಣು ಪರೀಕ್ಷಿಸುವ ಅವಳು ಗಿರಾಕಿಗಳ ಮೇಲೆ ರೇಗಿದವಳೇ ಅಲ್ಲ. ಇವತ್ತು ಮೈ ಉರಿದದ್ದು ಅವನ ಟೀ ಶರ್ಟ್ ನೋಡಿ. ಎದೆಯ ಮೇಲೆ ತುಕ್ಕು ಹಿಡಿದ ಮರದ ಚಿತ್ರ, ಅದರ ಕೆಳಗೆ 'ಕಬ್ಬಿಣದ ಕಾಡು: ಐದನೇ ಭಾಗ'.

ಥೂ, ಈ ಹಾಳು ವಿಡಿಯೋ ಆಟ ಇಲ್ಲಿಗೂ ಬಂತಾ!

ಲೆನ್ಸ್ ಬದಲಿಸುತ್ತಾ ಕೇಳಿದಳು. "ಇದು ಸ್ಪಷ್ಟವಾಗಿದೆಯಾ, ಮೊದಲಿನದಾ?"

"ಮೊದಲಿನದು."

"ಆಟದಲ್ಲೂ ಅಷ್ಟೇ. ಮೊದಲಿನವೇ ಚೆನ್ನಾಗಿದ್ವು."

ಬಾಯಿ ತಪ್ಪಿ ಬಂದೇಬಿಟ್ಟಿತು. ಅವನು ಯಂತ್ರದಿಂದ ಮುಖ ಹಿಂದಕ್ಕೆ ತೆಗೆದ.

"ಯಾಕೆ, ಐದನೇದು ಇಷ್ಟ ಆಗ್ಲಿಲ್ವಾ?"

"ಇಷ್ಟಾನಾ? ನಾಲ್ಕು ಭಾಗ ಜೀವ ಬಿಟ್ಟು ಆಡಿದೀವಿ ಸಾರ್, ನಾನು ನಮ್ಮಮ್ಮ. ನಾವು ಯೋಚನೆ ಮಾಡಿ ಏಟು ಹಾಕೋವರೆಗೂ ರಾಕ್ಷಸ ಕಾಯ್ತಿದ್ದ. ಈಗ? ಕಣ್ಣು ಮಿಟುಕಿಸೋದ್ರೊಳಗೆ ತಲೆ ಹೋಗಿರುತ್ತೆ. ಆ ಕಾದಾಟ ಕಟ್ಟಿದವನು ಯಾರೋ ಏನೋ, ಅವನಿಗೆ ಮನೆಯಲ್ಲಿ ಹಿರಿಯರೇ ಇಲ್ಲ ಅನ್ಸುತ್ತೆ!"



"ಅದನ್ನ ಕಟ್ಟಿದವನು... ನಾನೇ" ಎಂದ ಅವನು, ಮೆಲ್ಲಗೆ.

ಬೇರೆ ಯಾರಾದರೂ ಆಗಿದ್ದರೆ ನಾಲಿಗೆ ಕಚ್ಚಿಕೊಂಡು ಕ್ಷಮೆ ಕೇಳುತ್ತಿದ್ದರು. ನಮ್ಮ ಹುಡುಗಿಗೆ ಇದ್ದ ಸಿಟ್ಟು ಇಮ್ಮಡಿಯಾಯಿತು.

"ಓ... ಹಾಗಾದ್ರೆ ನಮ್ಮಮ್ಮನ್ನ ಸೋಲಿಸಿದ್ದು ನೀವೇ!"

ಅಮ್ಮ ಟೈಪಿಂಗ್ ಟೀಚರ್ ಆಗಿದ್ದವರು. ಊರಿನ ಅರ್ಧದಷ್ಟು ಗುಮಾಸ್ತರ ಬೆರಳು ಪಳಗಿದ್ದು ಅವರ ಬೈಗುಳದಲ್ಲೇ. ಆಮೇಲೆ ಕೈನಡುಕದ ಕಾಯಿಲೆ ಬಂತು. ಬೆರಳು ಮಾತು ಕೇಳದೆ ಹೋದಾಗಲೂ 'ಕಬ್ಬಿಣದ ಕಾಡು' ಮಾತ್ರ ಅಮ್ಮನಿಗಾಗಿ ಕಾಯುತ್ತಿತ್ತು. ನಿಧಾನವಾಗಿ ಗುಂಡಿ ಒತ್ತಿ, ರಾಕ್ಷಸನನ್ನು ನೆಲಕ್ಕೆ ಕೆಡವಿ, "ನೋಡೇ ಪುಟ್ಟಿ!" ಎಂದು ಕೂಗುತ್ತಿದ್ದರು. ಐದನೇ ಭಾಗದ ಮೊದಲ ಕಾದಾಟದಲ್ಲೇ ಮತ್ತೆ ಮತ್ತೆ ಸತ್ತರು. ಕೊನೆಗೆ ಆಟದ ಹಿಡಿಕೆ ಕೆಳಗಿಟ್ಟು, "ಇನ್ನು ನನ್ನ ಕೈಲಿ ಆಗಲ್ಲ ಬಿಡು" ಎಂದರು. ಅಂದಿನಿಂದ ಎಲ್ಲದಕ್ಕೂ ಅದೇ ಮಾತು. ತರಕಾರಿ ಹೆಚ್ಚುವುದೂ ಆಗಲ್ಲ, ಸಂಜೆಯ ವಾಕಿಂಗೂ ಆಗಲ್ಲ.

ಅಷ್ಟನ್ನೂ ಅವಳು ಆ ಕತ್ತಲಲ್ಲೇ ಅವನಿಗೆ ಹೇಳಿ ಮುಗಿಸಿದಳು.

"ಕಾಯೋದು ಬೇಜಾರು ಅಂದ್ಕೊಂಡಿದ್ದೆ ಕಣ್ರೀ... ಕಾಯೋದ್ರಿಂದಲೇ ಆಡೋಕಾಗೋರು ಇರ್ತಾರೆ ಅಂತ ಹೊಳೀಲೇ ಇಲ್ಲ. ಅವರನ್ನ ಒಂದ್ಸಲ ನೋಡಬಹುದಾ?"

ಬೇಡ ಎನ್ನಲು ಬಾಯಿ ತೆರೆದಳು. ಆದರೆ ಕನ್ನಡಕವಿಲ್ಲದ ಆ ಕಣ್ಣುಗಳಲ್ಲಿ ನಾಟಕವಿರಲಿಲ್ಲ.

*

ಭಾನುವಾರ ಬಂದ. ಅಮ್ಮ ಅವನನ್ನು ಅಡಿಯಿಂದ ಮುಡಿಯವರೆಗೆ ನೋಡಿ, "ಓಹೋ, ರಾಕ್ಷಸರ ಮೇಷ್ಟ್ರು ನೀನೇನಾ? ಬೆನ್ನು ನೆಟ್ಟಗೆ ಮಾಡಿ ಕೂತ್ಕೋ" ಎಂದರು. ಅವನು ಶಾಲೆಯ ಹುಡುಗನಂತೆ ನೆಟ್ಟಗೆ ಕೂತ.

ಅಲ್ಲಿಂದ ಪ್ರತಿ ಭಾನುವಾರವೂ ಬರತೊಡಗಿದ. ಅಮ್ಮನ ಜೊತೆ ಹಳೆಯ ನಾಲ್ಕನೇ ಭಾಗ ಆಡುತ್ತಿದ್ದ, ಬೈಸಿಕೊಳ್ಳುತ್ತಿದ್ದ, ನಗುತ್ತಿದ್ದ. ಅಡುಗೆಮನೆಯಿಂದ ಅವರಿಬ್ಬರ ಜಗಳ ಕೇಳುತ್ತಿದ್ದರೆ ಅವಳಿಗೆ ಮನೆಗೆ ಬೆಳಕು ಬಂದಂತೆ ಅನಿಸುತ್ತಿತ್ತು. ಒಮ್ಮೆ ಅವನ ಹೊಸ ಕನ್ನಡಕ ಸಡಿಲವಾಗಿ ಮೂಗಿನ ಮೇಲೆ ಜಾರುತ್ತಿತ್ತು. ಸರಿಮಾಡಲು ಅವಳು ಅವನ ಕಿವಿಯ ಹಿಂದೆ ಬೆರಳಿಟ್ಟಾಗ ಇಬ್ಬರೂ ಉಸಿರು ಬಿಡುವುದನ್ನೇ ಮರೆತರು.

ದೇವರೇ... ಇವನ ಮೇಲೆ ನನಗೆ ಸಿಟ್ಟು ತಾನೇ ಇರಬೇಕಾಗಿದ್ದು!

'ನೀವು' ಯಾವಾಗ 'ನೀನು' ಆಯಿತೋ ಇಬ್ಬರಿಗೂ ಗೊತ್ತಾಗಲಿಲ್ಲ.

ಒಂದು ದಿನ ಅವನು ತನ್ನ ಕನ್ನಡಕದ ಪೆಟ್ಟಿಗೆಯನ್ನು ಅವರ ಮನೆಯಲ್ಲೇ ಮರೆತು ಹೋದ. ನೆಪ ಸಿಕ್ಕಿತಲ್ಲ ಎಂದು ಮರುದಿನ ಮಧ್ಯಾಹ್ನ ಅದನ್ನು ಹಿಡಿದು ಅವನ ಆಫೀಸಿಗೆ ಹೊರಟಳು. ಒಳಗೆ ಗಾಜಿನ ಗೋಡೆಯ ಮೀಟಿಂಗ್ ಕೋಣೆ. ಮೇಜಿನ ಸುತ್ತ ಹತ್ತಾರು ಜನ. ಗೋಡೆಯಷ್ಟಗಲದ ಪರದೆಯ ಮೇಲೆ...

ನಡುಗುವ ಎರಡು ಕೈಗಳು! ಎಡಗೈಯಲ್ಲಿ ಹಸಿರು ಕಲ್ಲಿನ ಉಂಗುರ.

ಅಮ್ಮನ ಕೈಗಳು.

ಕೋಣೆಯಲ್ಲಿದ್ದವರೆಲ್ಲ ಪರದೆ ನೋಡಿ ಗೊಳ್ಳೆಂದು ನಗುತ್ತಿದ್ದರು. ಶಬ್ದ ಹೊರಗೆ ಬರುತ್ತಿರಲಿಲ್ಲ, ನಗು ಮಾತ್ರ ಕಾಣುತ್ತಿತ್ತು. ಪರದೆಯ ಪಕ್ಕ ನಿಂತಿದ್ದ ಅವನೂ ನಗುತ್ತಿದ್ದ.

ಅವಳ ಕೈಯಿಂದ ಪೆಟ್ಟಿಗೆ ಜಾರಿ ಬಿತ್ತು. ಅವನು ತಿರುಗಿ ನೋಡಿ, ಓಡಿ ಹೊರಗೆ ಬಂದ.

"ನೀನಾ! ಒಂದ್ನಿಮಿಷ, ನಾನು ಹೇಳ್ತೀನಿ..."

"ಏನು ಹೇಳ್ತೀಯಾ? ಭಾನುವಾರ ಭಾನುವಾರ ಬಂದಿದ್ದು ಇದಕ್ಕಾ? ನಮ್ಮಮ್ಮನ ಕಾಯಿಲೆ ನಿನಗೆ ತಮಾಷೆನಾ?"

"ಹಾಗಲ್ಲ, ಕೇಳು..."

"ಇನ್ಮೇಲೆ ನಮ್ಮ ಮನೆ ಕಡೆ ತಲೆ ಹಾಕಬೇಡ!"

ಕಣ್ಣೀರು ಅವನಿಗೆ ಕಾಣಬಾರದೆಂದು ಅಲ್ಲಿಂದ ಓಡಿಯೇ ಬಂದುಬಿಟ್ಟಳು.

*

ಮನೆಗೆ ಬಂದು ಎಲ್ಲವನ್ನೂ ಒದರಿದಳು. ಅಮ್ಮ ಸಮಾಧಾನ ಮಾಡುತ್ತಾರೆಂದುಕೊಂಡಿದ್ದಳು. ಅಮ್ಮನ ಮುಖ ಕೆಂಪಗಾಯಿತು.

"ಆ ವಿಡಿಯೋ ತೆಗಿ ಅಂದಿದ್ದು ನಾನು. ಎಲ್ಲರಿಗೂ ತೋರಿಸು ಅಂದಿದ್ದೂ ನಾನೇ. ಆಟ ನಮ್ಮಂಥೋರಿಗೆ ಕಾಯೋ ಹಾಗೆ ಬದಲಾಯಿಸ್ತೀನಿ ಅಂತ ಅವನು ಆಫೀಸಲ್ಲಿ ಒಬ್ಬನೇ ಜಗಳ ಆಡ್ತಿದಾನೆ. ಬಾಯಲ್ಲಿ ಹೇಳಿದ್ರೆ ಯಾರೂ ನಂಬ್ತಿರಲಿಲ್ಲವಂತೆ."

"ಮತ್ತೆ... ನಗ್ತಾ ಇದ್ರಲ್ಲಮ್ಮ?"

"ನಗದೇ ಇನ್ನೇನು? 'ಲೋ ರಾಕ್ಷಸ, ನಾನು ಕನ್ನಡಕ ಹಾಕ್ಕೊಳ್ಳೋವರೆಗಾದ್ರೂ ತಡ್ಕೊಳ್ಳೋ, ನಿನಗೇನು ಬಸ್ಸು ತಪ್ಪಿ ಹೋಗ್ತಿದೆಯಾ' ಅಂತ ಅದರಲ್ಲಿ ಬೈದಿದೀನಿ."

ಅವಳಿಗೆ ಭೂಮಿ ಬಾಯಿ ಬಿಡಬಾರದೇ ಅನ್ನಿಸಿತು.

"ನನಗ್ಯಾಕಮ್ಮ ಹೇಳಲಿಲ್ಲ?"

"ಹೇಳಿದ್ರೆ ನೀನು ಬಿಡ್ತಿದ್ಯಾ? ನೆಂಟರು ಬಂದ್ರೆ ನನ್ನ ಕೈ ಮೇಲೆ ಶಾಲು ಹೊದಿಸ್ತೀಯ. ಹೋಟೆಲಿಗೆ ಹೋದ್ರೆ ಮೂಲೆ ಮೇಜು ಹುಡುಕ್ತೀಯ." ಅಮ್ಮ ಎರಡೂ ಕೈಗಳನ್ನು ಅವಳ ಮುಂದೆ ಚಾಚಿದರು. "ನನ್ನ ಕೈ ನಡುಗುತ್ತೆ ಅಂತ ನಾಚಿಕೆ ಇರೋದು ನನಗಲ್ಲ ಪುಟ್ಟಿ, ನಿನಗೆ."

ಆ ಮಾತು ನೇರವಾಗಿ ಎದೆಗೆ ನಾಟಿತು. ಅದು ಸುಳ್ಳಾಗಿದ್ದರೆ ಅಷ್ಟು ನೋಯುತ್ತಿರಲಿಲ್ಲ.

ಅಮ್ಮ ಮುಖ ತಿರುಗಿಸಿ ಹೇಳಿದರು. "ನಾಳೆ ಬೆಳಿಗ್ಗೆ ಕೊನೇ ತೀರ್ಮಾನವಂತೆ. ಬೇಡ ಅಂದ್ರೆ ಮುಗೀತು."

ಅವನಿಗೆ ಫೋನ್ ಮಾಡಿದಳು. ಎತ್ತಲಿಲ್ಲ. ಮತ್ತೆ ಮಾಡಿದಳು. ಆಗಲೂ ಎತ್ತಲಿಲ್ಲ.

*

ಬೆಳಿಗ್ಗೆ ಅಂಗಡಿಗೆ ರಜೆ ಹೇಳಿ ಮತ್ತೆ ಆ ಗಾಜಿನ ಗೋಡೆಯ ಮುಂದೆ ನಿಂತಳು. ಒಳಗೆ ಅವನು ಏನೋ ಬೇಡಿಕೊಳ್ಳುತ್ತಿದ್ದ. ಕಣ್ಣ ಕೆಳಗೆ ನಿದ್ದೆಗೆಟ್ಟ ಕಪ್ಪು. ಎದುರು ಕೂತಿದ್ದ ಕಂಪನಿಯ ದೊಡ್ಡ ಮೇಡಂ ತಲೆ ಅಡ್ಡ ಆಡಿಸುತ್ತಿದ್ದರು.

ಅವಳು ಬಾಗಿಲು ತಳ್ಳಿಯೇಬಿಟ್ಟಳು.

"ಕ್ಷಮಿಸಿ... ನಿನ್ನೆ ನೀವು ನೋಡಿದ ಕೈ ನಮ್ಮಮ್ಮನದು."

ಎಲ್ಲರೂ ತಿರುಗಿದರು. ಅವನು ದಂಗಾಗಿ ನೋಡಿದ.

ದೊಡ್ಡ ಮೇಡಂ ಬೇಸರದಿಂದಲೇ ಹೇಳಿದರು. "ನೋಡಿಮ್ಮಾ, ನಿಮ್ಮ ಕಷ್ಟ ಅರ್ಥ ಆಗುತ್ತೆ. ಆದ್ರೆ ಐದನೇ ಭಾಗ ಬೇರೆ ಥರದ ಆಟ. ಅದು ಇಷ್ಟ ಆಗದೇ ಇರೋರು ಇದ್ದೇ ಇರ್ತಾರೆ."

"ನನಗೂ ಇಷ್ಟ ಆಗಿಲ್ಲ ಮೇಡಂ. ಹಳೇ ಗೆಳೆಯರನ್ನೆಲ್ಲ ಕಥೆಯಿಂದ ತೆಗೆದುಹಾಕಿದೀರಿ, ಕಾಡು ಕಾಡಿನ ಥರಾನೇ ಇಲ್ಲ. ಆದ್ರೆ ನಾನು ಪೂರ್ತಿ ಆಡಿ ಬೈತಿದೀನಿ. ನಮ್ಮಮ್ಮನಿಗೆ ಬಾಗಿಲು ದಾಟೋಕೇ ಬಿಟ್ಟಿಲ್ಲ ನೀವು. ಅವರಿಗೂ ಪೂರ್ತಿ ಆಡಿ, ಹೊಟ್ಟೆ ತುಂಬಾ ಬೈಯೋ ಅವಕಾಶ ಕೊಡಿ. ನಾನು ಕೇಳ್ತಿರೋದು ಅಷ್ಟೇ."

ಯಾರೋ ಕಿಸಕ್ಕೆಂದರು. ಮೇಡಂ ನಗಲಿಲ್ಲ. ಕೈಯಲ್ಲಿದ್ದ ಪೆನ್ನನ್ನು ಮೇಜಿನ ಮೇಲಿಟ್ಟು ಅವನತ್ತ ತಿರುಗಿದರು.

"ಸರಿ" ಎಂದರು. "ಬೇಕಾದವರಿಗೆ ಕಾಯೋ ಆಟ, ಬೇಡದವರಿಗೆ ಈಗಿರೋದು. ಎರಡೂ ಇರಲಿ. ಮಾಡು."

*

ಕೆಲವು ವಾರಗಳ ನಂತರ ಅವನು ಬದಲಾದ ಆಟ ಹಿಡಿದು ಬಂದ. ಅಷ್ಟೂ ದಿನ ಅವರಿಬ್ಬರ ನಡುವೆ ನಡೆದದ್ದು ಕೆಲಸದ ಮಾತು ಮಾತ್ರ. ಅವಳು ಕ್ಷಮೆ ಕೇಳಿದ್ದಳು, ಅವನು "ಪರವಾಗಿಲ್ಲ" ಅಂದಿದ್ದ. ಆ 'ಪರವಾಗಿಲ್ಲ' ಅವಳನ್ನು ಸುಡುತ್ತಿತ್ತು.

ಅಮ್ಮ ಆಡಲು ಕೂತರು. ಇಬ್ಬರೂ ಹಿಂದೆ ನಿಂತರು. ಪರದೆಯಲ್ಲಿ ರಾಕ್ಷಸ ಕತ್ತಿ ಎತ್ತಿದ... ನಿಂತ. ಅಮ್ಮ ಕನ್ನಡಕ ಸರಿಮಾಡಿಕೊಂಡು, ಯೋಚಿಸಿ, ನಡುಗುವ ಬೆರಳಿಂದ ಗುಂಡಿ ಒತ್ತಿದರು.

ಮತ್ತೆ ಸೋತರು!

ಅಯ್ಯೋ, ಈಗಲೂ ಹಿಡಿಕೆ ಕೆಳಗಿಟ್ಟರೆ?

"ಛೆ! ಬೆಂಕಿ ಹಾಕೋ ಬದಲು ಗುರಾಣಿ ಹಿಡಿದೆ" ಎಂದರು ಅಮ್ಮ. "ಇದು ಕೈಯ ತಪ್ಪಲ್ಲ ಕಣೇ, ನನ್ನ ಬುದ್ಧಿ ತಪ್ಪು. ಇರು, ಇನ್ನೊಂದ್ಸಲ ನೋಡೇಬಿಡ್ತೀನಿ ಇವನ್ನ."

ಅವಳು ಅಡುಗೆಮನೆಗೆ ಓಡಿ ಬಿಕ್ಕಿಬಿಕ್ಕಿ ಅತ್ತಳು. ಅವನು ಹಿಂದೆಯೇ ಬಂದ.

"ಅಳಬೇಡ ಕಣೇ. ಅವರು ಗೆಲ್ತಾರೆ."

"ಗೆಲ್ಲದಿದ್ರೂ ಪರವಾಗಿಲ್ಲ ಕಣೋ. ಆಡ್ತಿದಾರಲ್ಲ..." ಕಣ್ಣೊರೆಸಿಕೊಂಡು ಅವನನ್ನು ದಿಟ್ಟಿಸಿದಳು. "ಆವತ್ತು ನಿನ್ನ ಮಾತು ಕೇಳದೇ ಹೋದೆ. ನನ್ನ ಮೇಲೆ ಇನ್ನೂ ಕೋಪ ಇದೆಯಾ?"

"ಕೋಪ ಅಲ್ಲ, ಭಯ. ನಮ್ಮ ಮನೆ ಕಡೆ ತಲೆ ಹಾಕಬೇಡ ಅಂದ್ಯಲ್ಲ... ಆಟ ಕೊಟ್ಟಾದ್ಮೇಲೆ ಈ ಮನೆಗೆ ಬರೋಕೆ ನನಗೆ ಯಾವ ಕಾರಣನೂ ಉಳಿಯಲ್ಲ ಅನ್ನೋ ಭಯ."

"ಕಾರಣ ಬೇಕಾ?"

"ಬೇಕು."

ಅವಳು ಒಂದು ಹೆಜ್ಜೆ ಮುಂದೆ ಬಂದು ಅವನ ಕೈ ಹಿಡಿದುಕೊಂಡಳು.

"ನಿನ್ನ ಐದನೇ ಭಾಗ ನನಗೆ ಈಗಲೂ ಇಷ್ಟ ಇಲ್ಲ. ನೀನು ಮಾತ್ರ... ನೀನಿಲ್ಲದೆ ನನಗೆ ಆಗಲ್ಲ ಕಣೋ."

ಅವನ ಕಣ್ಣು ತುಂಬಿ ಬಂತು. "ಆಟಾನ ದಿನಾ ಬೈ. ಒಂದು ಮಾತೂ ಎದುರಾಡಲ್ಲ. ಜೀವನ ಪೂರ್ತಿ ಬೈತೀಯಾ?"

"ಹೂಂ" ಎಂದಳು ಅವಳು, ಅವನ ಭುಜಕ್ಕೆ ಹಣೆ ಆನಿಸಿ.