ಎಲ್ಲರೂ ಓದಲೆಂದು ಬರೆದ ಕಾರ್ಡು

ಕೊತ್ತಂಬರಿ ಸೊಪ್ಪು ಬಿಡಿಸುತ್ತಿದ್ದೆ. ಎಲೆ ಚಟ್ನಿಗೆ, ದಂಟು ಸಾರಿಗೆ. ಎದುರಿಗೆ ಕೂತ ಮುರಳೀಧರರು ಎರಡನ್ನೂ ಒಂದೇ ತಟ್ಟೆಗೆ ಹಾಕುತ್ತಿದ್ದರು.

"ಎಂತ ಮಾರಾಯ್ರೆ, ಆಫೀಸಲ್ಲೂ ಹೀಗೇ ಮಾಡಿದ್ದಾ?"

"ಅಲ್ಲಿ ಬರೀ ಪೇಪರ್ ರೀ. ಸೊಪ್ಪು ಬರ್ತಿರ್ಲಿಲ್ಲ."

ಅವರು ಚೆನ್ನೈನ ವೇಲಚೇರಿಯ ನಮ್ಮ ಫ್ಲ್ಯಾಟಿನ ಮೇಲಿನ ಮಹಡಿಯವರು, ಹೆಂಡತಿ ಇಲ್ಲ. ಸರಕಾರಿ ಆಫೀಸಿನಲ್ಲಿ ಗುಟ್ಟಿನ ಕಡತಗಳನ್ನು ನೋಡಿಕೊಂಡು ನಿವೃತ್ತರಾದವರು. ನಾನು ಉಡುಪಿ ಕಡೆಯವಳು. ಗಂಡನೊಂದಿಗೆ ಇಲ್ಲಿನ ಹೋಟೆಲ್ ಕೆಲಸಕ್ಕೆ ಬಂದೆ. ಗಂಡ ತೀರಿಕೊಂಡು ಬಹಳ ಕಾಲವಾಯಿತು. ಈಗ ಮಗ ಜಯಪ್ರಕಾಶನ ಮನೆಯಲ್ಲಿದ್ದೇನೆ.

ದೀಪಾವಳಿಗೆ ಮುರಳೀಧರರು, "ನನ್ನ ಮದುವೆ ಆಗ್ತೀರಾ?" ಎಂದು ಕೇಳಿದ್ದರು. "ಬರೆದು ತಿಳಿಸ್ತೇನೆ" ಎಂದಿದ್ದೆ. ಬರೆದೂ ಇದ್ದೆ. ಆದರೆ ಲಕೋಟೆ ಅಂಟಿಸಿ ಉದ್ದಿನ ಡಬ್ಬದ ಕೆಳಗಿಟ್ಟೆ. ಈ ವಯಸ್ಸಿನಲ್ಲಿ ನಾಲ್ಕು ಜನ ಏನೆಂದಾರು? ಉತ್ತರ ಬಾರದಿದ್ದರೆ ಈ ತಿಂಗಳ ಕೊನೆಗೆ ಅವರು ಅಣ್ಣಾ ನಗರದ ತಂಗಿಯ ಮನೆಗೇ ಹೋಗಿ ಇರುವವರಿದ್ದರು.

ಸೊಪ್ಪಿನಡಿಯ ಪೇಪರಿನ ಜಾಹೀರಾತು ಪುಟವನ್ನು ತೋರಿಸಿದೆ. "ಬಾಡಿಗೆ ಮನೆ, ಹಳೇ ಸ್ಕೂಟರ್, ಎಲ್ಲ ಉಂಟು ಇದರಲ್ಲಿ. ಇದಕ್ಕೂ ಕ್ಲಾಸಿಫೈಡ್ ಅಂತಾರೆ, ನಿಮ್ಮ ಕಡತಕ್ಕೂ ಕ್ಲಾಸಿಫೈಡ್ ಅಂತಾರೆ. ಇದರಲ್ಲಿ ಎಂತ ಗುಟ್ಟು?"

"ಬೇರೆ ಬೇರೆ ಮಾಡಿಟ್ಟದ್ದು, ಅಷ್ಟೇ ಅರ್ಥ. ನೀವು ಸೊಪ್ಪು ಬಿಡಿಸಿದ ಹಾಗೆ. ನಾವು ಯಾರು ಓದ್ಬಹುದು, ಯಾರು ಓದ್ಬಾರ್ದು ಅಂತ ಬೇರೆ ಮಾಡ್ತಿದ್ವಿ. ಅದಕ್ಕೇ ಆ ಮಾತು ಕೇಳಿದ್ರೆ ಜನಕ್ಕೆ ಗುಟ್ಟೇ ನೆನಪಾಗುತ್ತೆ."

"ಒಮ್ಮೆ ಗುಟ್ಟಾದ್ರೆ ಯಾವಾಗಲೂ ಗುಟ್ಟೇಯಾ?"

"ಇಲ್ಲ ಇಲ್ಲ. ಆಗಾಗ ತೆಗೆದು ನೋಡ್ಬೇಕು. ಈಗ ಯಾರಾದ್ರೂ ಓದಿದ್ರೆ ಏನು ನಷ್ಟ ಅಂತ ಕೇಳ್ಕೋಬೇಕು. ಎಷ್ಟೋ ಸಲ ಏನೂ ಇರಲ್ಲ."

ಕನ್ನಡಕದ ಮೇಲಿಂದ ನನ್ನನ್ನೇ ನೋಡಿದರು. ನಾನು ಸೊಪ್ಪು ನೋಡಿದೆ.

"ಸರಸಾವ್ರೇ, ಈಗ ನಿಮ್ಮ ತಟ್ಟೆಯಲ್ಲೂ ದಂಟಿದೆ."

"ನಿಮ್ಮ ಸಹವಾಸ."

ಅವರು ಹೋದ ಮೇಲೆ ಲಕೋಟೆ ತೆಗೆದೆ. ಯಾರು ಓದಿದರೆ ಏನು ನಷ್ಟ? ಮೊನ್ನೆ ಮಗನೇ, "ಅಮ್ಮಾ, ಮೇಲಿನವರಿಗೂ ಸೇರಿಸಿಯೇ ಅನ್ನ ಇಡು" ಎಂದಿದ್ದ. ನನಗೆ ಅಕ್ಷರ ತಡವಾಗಿ ಸಿಕ್ಕಿತು, ಈ ಮನುಷ್ಯ ಇನ್ನೂ ತಡವಾಗಿ. ಸಿಕ್ಕಿತಲ್ಲ ಎಂದು ಡಬ್ಬಕ್ಕೇ ಕೈ ಮುಗಿದೆ.

ಲಕೋಟೆ ಹರಿದು ಹಾಕಿ ಅಂಚೆ ಕಾರ್ಡು ತೆಗೆದುಕೊಂಡೆ. ಕನ್ನಡದಲ್ಲಿ ಬರೆದರೆ ಈ ಬೀದಿಯಲ್ಲಿ ಅದೂ ಗುಟ್ಟೇ. ರಾತ್ರಿ ಶಾಲೆ ಕಲಿಸಿದ ತಮಿಳಿನಲ್ಲಿ, ದಪ್ಪ ಅಕ್ಷರಗಳಲ್ಲಿ ಬರೆದೆ: 'ನನಗೆ ಒಪ್ಪಿಗೆ. ಕೇಳಿದ್ದಕ್ಕೂ ಕಾದದ್ದಕ್ಕೂ ನಾನು ಋಣಿ. ಅಣ್ಣಾ ನಗರಕ್ಕೆ ಹೋಗಬೇಡಿ. ಸರಸ.'

ಬಾಗಿಲಲ್ಲಿ ಸೊಸೆ ದೀಕ್ಷಿತಾ ಕಾರ್ಡು ಓದಿದಳು. ಅವಳ ಮುಖ ಅರಳಿತು.

"ಅತ್ತೆ, ಮೇಲಿನ ಮನೆಗೆ ಪೋಸ್ಟ್ ಯಾಕೆ? ನಾನೇ ಕೊಟ್ಟು ಬರ್ತೇನೆ."

"ಬೇಡ ಮಗಾ. ಪೋಸ್ಟ್‌ಮ್ಯಾನೂ ಓದಲಿ, ವಾಚ್‌ಮನ್ನೂ ಓದಲಿ."

ಚಪ್ಪಲಿ ಮೆಟ್ಟಿ ರೈಲ್ವೆ ಸ್ಟೇಷನ್ ಬಳಿಯ ಕೆಂಪು ಅಂಚೆ ಡಬ್ಬಿಯವರೆಗೆ ನಡೆದು, ಬರೆದ ಬದಿ ಮೇಲೆ ಮಾಡಿ ಕಾರ್ಡು ಹಾಕಿದೆ.