ಹೊರತೆಗೆದ ಕಾರ್ಡು

ನೆಟ್‌ವರ್ಕ್ ಕಾರ್ಡೊಂದರ ಬೆಲೆ ಒಂದು ಜೊತೆ ಚಪ್ಪಲಿಗಿಂತ ಕಡಿಮೆ. ಅದು ಕೈಕೊಟ್ಟರೆ ನಮ್ಮ ಶೀತಲ ಕೋಣೆಯಲ್ಲಿ ಕೆಡುವ ಔಷಧಿಯ ಬೆಲೆಗೆ ಒಂದು ಮನೆಯೇ ಬರುತ್ತದೆ. ಕೋಣೆ ಬಿಸಿಯೇರಿದರೆ ಕಂಪ್ಯೂಟರಿನಿಂದ ಮೆಕ್ಯಾನಿಕ್‌ಗೆ ಎಚ್ಚರಿಕೆ ಹೋಗಲು ಆ ಕಾರ್ಡೊಂದೇ ದಾರಿ.

ಕಾರ್ಡನ್ನು ನಡೆಸುವ ಡ್ರೈವರ್ ಪ್ರೋಗ್ರಾಂ ಬರೆದವರು ನನ್ನ ಸೋದರಮಾವ. "ಉತ್ತರ ಕೊಡ್ಲಿಲ್ಲ ಅಂತ ಬೈಬೇಡ ಕಣೋ, ಮೂರು ಸಲ ಎಬ್ಬಿಸು. ಏಳದಿದ್ರೆ ಸತ್ತಿದೆ ಅಂತ ಒಪ್ಕೋ," ಎನ್ನುತ್ತಿದ್ದರು. ಕಾರ್ಡು ಚೇತರಿಸಿಕೊಂಡಾಗಲೆಲ್ಲ ತೆರೆಯ ಮೇಲೆ "ಎದ್ದೆ, ತಡಿಯಪ್ಪ" ಎಂದು ಬರುವಂತೆ ಮಾಡಿದ್ದರು. ನಾವೆಲ್ಲ ನಗುತ್ತಿದ್ದೆವು.

ಅವರು ತೀರಿಕೊಂಡ ಮರುವರ್ಷ, ಒಂದು ಮಧ್ಯಾಹ್ನ, ಕಾರ್ಡು ಮೂರು ಸಲ ಎಬ್ಬಿಸಿದರೂ ಏಳಲಿಲ್ಲ. ಕಂಪ್ಯೂಟರ್ ಆರಿಸಿ ಅದನ್ನು ಹೊರತೆಗೆದೆ. ಉಳಿದ ಕೆಲಸ ನಡೆಯಲೆಂದು ಮತ್ತೆ ಚಾಲೂ ಮಾಡಿದೆ. ಶೀತಲ ಕೋಣೆಯ ಆ ಚಳಿಯಲ್ಲೂ ಅಂಗೈಯಲ್ಲಿದ್ದ ಕಾರ್ಡಿನ ಬಿಸಿ ಆರಲಿಲ್ಲ. ಯಾರೋ ಈಗಷ್ಟೇ ಕೈಯಿಂದ ಕೈಗೆ ಕೊಟ್ಟಂತಿತ್ತು. ತೆರೆಯ ಮೇಲೆ ಒಂದು ಸಾಲು ಮೂಡಿತು: "ಎದ್ದೆ, ತಡಿಯಪ್ಪ."

ಅಷ್ಟರಲ್ಲಿ ಅಂಗಳದಾಚೆಯ ಕಟ್ಟಡದಿಂದ ಮೆಕ್ಯಾನಿಕ್ ಓಡಿಬಂದ. "ಕೋಣೆಯ ಕೂಲರ್ ನಿಂತಿದೆ ಅಂತ ನಿಮ್ಮಿಂದ್ಲೇ ಎಚ್ಚರಿಕೆ ಬಂತು. ನೀವ್ ನೋಡಿದ್ರೆ ಇಸ್ಪೀಟ್ ಹಿಡಿದೋರ ಹಾಗೆ ನಿಂತಿದೀರಲ್ಲ ಸಾರ್."

ಕಾರ್ಡಿದ್ದ ಖಾಲಿ ಜಾಗವನ್ನು ತೋರಿಸಿದೆ. ಬಗ್ಗಿ ನೋಡಿದವನು ಕೂಲರ್ ರಿಪೇರಿಗೆ ಹೋದ.

ಆ ದಿನ ಒಂದು ಬಾಟಲಿ ಔಷಧಿಯೂ ಕೆಡಲಿಲ್ಲ.