ಜೇಬಿನೊಳಗಿನ ಉಳ್ಳಾಗಡ್ಡಿ

ಅಜ್ಜಿ ಚಂದ್ರಮ್ಮನ ಕಥೆಗಳಲ್ಲಿ ರಾಜಕುಮಾರನ ಚೀಲ ತೆರೆದರೆ ಉಂಗುರ ಸಿಗುತ್ತಿತ್ತು. ಸಿಂಚನಾಗೆ ತಾನು ಮೆಚ್ಚಿದ ಋತ್ವಿಕನ ಚೀಲದಲ್ಲಿ ಸಿಕ್ಕಿದ್ದು ಮಾತ್ರೆಯ ಡಬ್ಬಿ.

ಮೇ ತಿಂಗಳ ನಾಗಪುರ. ಗಾಂಧಿಬಾಗ್‌ಗೆ ಕ್ಲಿನಿಕ್ಕಿನ ಸರ್ವೇಗೆ ಹೊರಡಲಿದ್ದವನ ಚೀಲದಲ್ಲಿ ಒಂದು ಉಳ್ಳಾಗಡ್ಡಿ ಇಡಲು ಹೋಗಿದ್ದಳು, ಅಷ್ಟೇ. ಬಿಸಿಲು ಬಡಿಯಬಾರದೆಂದು ಈ ಊರವರು ಹಾಗೆ ಇಟ್ಟುಕೊಳ್ಳುತ್ತಾರೆ.

ಡಬ್ಬಿಯ ಮೇಲಿನ ಹೆಸರು ಅವಳಿಗೆ ಬಾಯಿಪಾಠ. ಎಚ್‌ಐವಿ ತಗುಲದಂತೆ ಮೊದಲೇ ನುಂಗುವ ಮಾತ್ರೆ. ಕ್ಲಿನಿಕ್ಕಿನಲ್ಲಿ ಕೌನ್ಸೆಲರ್ ಆಗಿ ದಿನವೂ ಅದನ್ನು ವಿವರಿಸುವವಳು ಅವಳೇ.

“ನನ್ನ ಬಿಟ್ಟು ಎಷ್ಟು ಮಂದಿ ಅದಾರ ನಿಮಗ?” ಮಾತು ಜಾರಿಯೇ ಬಿಟ್ಟಿತು.

ಸರ್ವೇಯ ಲೆಕ್ಕ ನೋಡುವ ಋತ್ವಿಕ್ ಲ್ಯಾಪ್‌ಟಾಪಿನಿಂದ ತಲೆಯೆತ್ತಿದ. “ಹೀಗೆ ಕೇಳಬಾರದು ಅಂತ ನಮಗೆ ಪಾಠ ಮಾಡಿದ್ದು ನೀವೇ ಅಲ್ವಾ, ಮೇಡಂ?”

ಬೇಕೆಂದೇ ‘ಮೇಡಂ’ ಎಂದವನ ತುಟಿ ನಕ್ಕಿತು. ಕಣ್ಣು ನಗಲಿಲ್ಲ.

ಸಿಂಚನಾ ಕೆಂಪಾದಳು. ಮಾತ್ರೆ ಕೊಟ್ಟರೆ ಜನ ಹಾದಿ ತಪ್ಪುತ್ತಾರೆಂದು ಓಣಿಯ ಹಿರಿಯರು ಕೂಗಾಡಿದಾಗ, ‘ಜೇಬಲ್ಲಿ ಉಳ್ಳಾಗಡ್ಡಿ ಇದೆಯೆಂದು ಯಾರಾದರೂ ಬಿಸಿಲಲ್ಲಿ ಕುಣಿಯುತ್ತಾರಾ?’ ಎಂದು ಮರಾಠಿಯಲ್ಲಿ ಕೇಳಿ ನಗಿಸಿದವಳು ಅವಳೇ. ಮಾತ್ರೆ ತೆಗೆದುಕೊಳ್ಳುವವರ ನಡುವೆ ಇವರು ಮಾಡುತ್ತಿದ್ದ ಸರ್ವೇಯೂ ಹೆಚ್ಚುಕಡಿಮೆ ಅದನ್ನೇ ಹೇಳಿತ್ತು. ಕೆಲವರು ಕಾಂಡೋಮ್ ಬಿಟ್ಟಿದ್ದರು, ಕೆಲವರಿಗೆ ಸಂಗಾತಿಗಳು ಹೆಚ್ಚಿದ್ದರು, ನಿಜ. ಆದರೆ ಬಹಳಷ್ಟು ಮಂದಿ ಮೊದಲಿದ್ದಂತೆಯೇ ಇದ್ದರು. ಹೆದರಿಕೆಯೊಂದು ಕಡಿಮೆ, ಟೆಸ್ಟಿಗೆ ಬರುವುದೊಂದು ಹೆಚ್ಚು.

“ತಾರೀಖು ನೋಡು,” ಎಂದ ಋತ್ವಿಕ್.

ಎರಡು ವರ್ಷದ ಹಿಂದಿನದು. ಅಲುಗಾಡಿಸಿದಳು. ಸದ್ದಿಲ್ಲ, ಖಾಲಿ.

“ಮೈಸೂರಲ್ಲಿ ಒಬ್ಬಳಿದ್ದಳು. ಹೆಸರು ಹೇಳಲ್ಲ, ಅದು ಅವಳ ಗುಟ್ಟು. ಅವಳಿಗೆ ಎಚ್‌ಐವಿ ಇದೆ ಅಂತ ಗೊತ್ತಾದ ದಿನಾನೇ ನನ್ನ ಕೈ ಹಿಡಿದು ಡಾಕ್ಟರ್ ಹತ್ರ ಕರ್ಕೊಂಡು ಹೋದ್ಲು. ಟೆಸ್ಟಲ್ಲಿ ನನಗೇನೂ ಇರಲಿಲ್ಲ. ಚಿಕಿತ್ಸೆಯಿಂದ ಅವಳ ವೈರಸ್ ಹಿಡಿತಕ್ಕೆ ಬರೋ ತನಕ ನಾನು ಇದನ್ನ ದಿನಾ ತಗೊಂಡೆ. ಆಮೇಲೆ ನಮ್ಮ ದಾರಿ ಬೇರೆ ಆಯ್ತು. ನಿನಗೆ ಹೇಳಬೇಕು ಅಂತ ಮೂರು ದಿನದಿಂದ ಈ ಖಾಲಿ ಡಬ್ಬಿ ಹೊತ್ಕೊಂಡು ತಿರುಗ್ತಿದ್ದೆ.” ಚೀಲ ಹೆಗಲಿಗೇರಿಸಿದ. “ನೀನಂತೂ ಹೀಗೆ ಕೇಳಲ್ಲ ಅಂದ್ಕೊಂಡಿದ್ದೆ.”

ಹೊರಟೇಬಿಟ್ಟ.

ಇವನನ್ನು ಹೀಗೇ ಕಳಿಸಿದರೆ ತಿರುಗಿ ಬರುವುದು ಸಹೋದ್ಯೋಗಿ ಮಾತ್ರ ಎಂದು ಅವಳಿಗೆ ಹೊಳೆಯಿತು. ಚಪ್ಪಲಿ ಬಿಟ್ಟೇ ಓಡಿದಳು. ಗೇಟಿನ ಬಳಿ ನೆಲ ಕಾದ ಹಂಚಾಗಿತ್ತು.

“ನಿಲ್ರಿ! ಹತ್ತು ಮಂದಿ ಇದ್ದಿದ್ರೂ ನಾ ಹಂಗ ಕೇಳಬಾರದಿತ್ತು. ತಪ್ಪಾತು.”

ಅವನು ಅವಳ ಕುಣಿಯುವ ಪಾದ ನೋಡಿದ. “ಬಿಸಿಲಲ್ಲಿ ಕುಣಿಯೋರು ಇದ್ದಾರಲ್ಲ!” ಎನ್ನುತ್ತಾ ನೆರಳಿಗೆಳೆದುಕೊಂಡ.

ನಗುತ್ತಲೇ ಅವಳ ಕಣ್ಣು ತುಂಬಿತು. “ಆಕಿ ಎಲ್ಲೇ ಇರಲಿ, ತಣ್ಣಗಿರಲಿ. ನಿಮ್ಮನ್ನ ಜೋಪಾನ ಮಾಡಿ ಕಳಿಸ್ಯಾಳ.”

ಕೈಯಲ್ಲೇ ಉಳಿದಿದ್ದ ಉಳ್ಳಾಗಡ್ಡಿಯನ್ನು ಅವನ ಅಂಗಿಯ ಜೇಬಿಗಿಟ್ಟಳು. “ಮದುವಿ ಆಗ್ತೀರೇನು?”

“ಈರುಳ್ಳಿ ಕೊಟ್ಟು ಕೇಳೋದಾ?”

“ಅಜ್ಜಿ ಕಥಿಯೊಳಗ ಉಂಗುರ ಇತ್ರಿ. ನನ್ನ ಹತ್ರ ಇದೇ ಐತಿ.”

ಋತ್ವಿಕ್ ಜೇಬಿನ ಮೇಲೆ ಕೈಯಿಟ್ಟುಕೊಂಡ. ಆಟೋ ಬಂದು ಹಾರ್ನ್ ಹೊಡೆದರೂ ಆ ಕೈ ತೆಗೆಯಲಿಲ್ಲ.